ಯಾರ ಕಡಿಯವರು?

ನಮ್ಮ ಇಂಡಿ ತಾಲ್ಲೂಕಿನ ಕಡೆ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಮೊದಲು ಕೇಳುವ ಮಾತು ‘ಯಾವ ಕಡಿಯವ್ರಿ?’ ಎಂಬುದು. ತಾಲ್ಲೂಕು ಹೇಳಿದರೆ ಊರು, ಊರು ಹೇಳಿದರೆ ಅಲ್ಲಿರುವ ಬೀಗರ ಹೆಸರು, ಹೀಗೆ ಮಾತು ಬೆಳೆದು ಇಳಿಯುವ ಹೊತ್ತಿಗೆ ಒಂದಲ್ಲ ಒಂದು ನೆಂಟಸ್ತಿಕೆ ಹೊರಬಿದ್ದಿರುತ್ತದೆ. ಮದುವೆಯಾಗಿ ಪಿಂಪ್ರಿ-ಚಿಂಚವಾಡಕ್ಕೆ ಬಂದು ಇಷ್ಟು ವರ್ಷವಾದರೂ ನನ್ನ ಕಿವಿ ಆ ಮಾತಿಗೇ ಕಾದಿರುತ್ತದೆ. ಅದಕ್ಕೇ ಇರಬೇಕು, 2016ರ ಜನವರಿಯಲ್ಲಿ ತಾಥವಡೆಯ ಒಂದು ಪತ್ರಾಸಿನ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಮುದುಕಿ ‘ಯಾರ ಕಡಿಯವ್ರಿ?’ ಎಂದು ಕೇಳಿದಾಗ ನಾನು ‘ಯಾವ ಕಡಿಯವ್ರಿ’ ಎಂದೇ ಕೇಳಿಸಿಕೊಂಡೆ. ‘ಇಂಡಿ ಕಡಿಯಾಕಿ ಯವ್ವಾ’ ಎಂದು ಹಿಗ್ಗಿನಿಂದ ಹೇಳಿದೆ. ಮುದುಕಿ ನಗಲಿಲ್ಲ. ಅವಳು ಕೇಳಿದ್ದು ಬೇರೆಯೇ ಪ್ರಶ್ನೆ ಎಂಬುದು ತಿಳಿಯಲು ನನಗೆ ಐದು ವರ್ಷ ಬೇಕಾಯಿತು.

ನಾನು ಅಲ್ಲಿಗೆ ಹೋದದ್ದು ಒಬ್ಬ ಸಿಸ್ಟರ್ ಕರೆದರೆಂದು. ನನ್ನ ಇಬ್ಬರು ಮಕ್ಕಳಿಗೂ ಲಸಿಕೆ ಹಾಕಿದವರು ಅವರೇ. ಆ ಪರಿಚಯದ ಸಲಿಗೆಯಿಂದ ಒಂದು ಮಧ್ಯಾಹ್ನ ಫೋನು ಮಾಡಿ, ‘ತಾಈ, ತುಮಚ್ಯಾಕಡಚೀ ಮಾಣಸಂ ಆಹೇತ, ಐಕತಚ ನಾಹೀತ’ ಎಂದರು. ನಿಮ್ಮ ಕಡೆಯ ಜನ, ಮಾತೇ ಕೇಳುವುದಿಲ್ಲ ಎಂದು. ಪಲ್ಸ್ ಪೋಲಿಯೊ ಭಾನುವಾರ ಮುಗಿದಿತ್ತು. ಆಮೇಲಿನ ದಿನಗಳಲ್ಲಿ ತಂಡದವರು ಮನೆಮನೆಗೆ ಹೋಗಿ ಮಕ್ಕಳ ಎಡಗೈಯ ಕಿರುಬೆರಳಿನ ಮಸಿ ನೋಡುತ್ತಾರೆ. ಎಲ್ಲ ಮಕ್ಕಳಿಗೂ ಹನಿ ಬಿದ್ದ ಮನೆಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ‘ಪಿ’ ಅಕ್ಷರ, ಒಂದು ಮಗುವಾದರೂ ಬಿಟ್ಟುಹೋದ ಮನೆಗೆ ‘ಎಕ್ಸ್’. ಆ ಲೇಬರ್ ಕ್ಯಾಂಪಿನಲ್ಲಿ ಒಂದರ ಪಕ್ಕಕ್ಕೊಂದು ಎಕ್ಸ್ ಬಿದ್ದಿದ್ದವು.

ಎದುರಿಗೆ ಹದಿನೆಂಟು ಅಂತಸ್ತಿನ ಕಟ್ಟಡ ಏಳುತ್ತಿತ್ತು. ಅದರ ಹಿಂದಿನ ತಗ್ಗಿನಲ್ಲಿ ಎರಡು ಸಾಲು ಶೆಡ್ಡು. ಇದ್ದವರಲ್ಲಿ ಹೆಚ್ಚಿನವರು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನವರು. ತೊಗರಿ ಕೈಕೊಟ್ಟ ವರ್ಷ ಇಡೀ ಕುಟುಂಬ ರೈಲು ಹತ್ತುತ್ತದೆ. ಗಂಡಸರು ಗೌಂಡಿ, ಸೆಂಟ್ರಿಂಗ್ ಕೆಲಸಕ್ಕೆ, ಹೆಂಗಸರು ಬುಟ್ಟಿ ಹೊರಲಿಕ್ಕೆ. ಮಿರಗದ ಮಳೆ ಬಿತ್ತೆಂದರೆ ಬಿತ್ತಲು ಕೆಲವರು ಹಿಂದಕ್ಕೆ ಹೋಗುತ್ತಾರೆ, ಕೆಲವರು ಮತ್ತೊಂದು ಕಟ್ಟಡದ ಬುಡಕ್ಕೆ. ಇಂಡಿ ಭೀಮೆಯ ಈ ದಂಡೆ, ಅಫಜಲಪುರ ಆ ದಂಡೆ. ಪಿಂಪ್ರಿ-ಚಿಂಚವಾಡದ ನಡುವೆ ಹರಿಯುವ ಪವನಾ ಮುಳಾ ನದಿಯನ್ನು ಸೇರಿ, ಮುಳಾ-ಮುಠಾ ಆಗಿ, ಕಡೆಗೆ ಭೀಮೆಗೆ ಬಿದ್ದು ನಮ್ಮೂರ ಕಡೆಗೇ ಹೋಗುತ್ತದೆ. ಅದು ಹೋದ ದಾರಿಗೆ ಎದುರಾಗಿ ನಾವು ಬಂದಿದ್ದೇವೆ.

ಈ ಊರು ಬೆಳೆದದ್ದೇ ಹೀಗೆ ಬಂದವರಿಂದ. 1947ರ ವಿಭಜನೆಯಲ್ಲಿ ಸಿಂಧ್ ಬಿಟ್ಟು ಬಂದವರಿಗೆ ಪಿಂಪ್ರಿಯಲ್ಲಿ ಶಿಬಿರ ಹಾಕಿದ್ದರು. ಇವತ್ತಿಗೂ ನಾವು ಸೀರೆ ತರಲು ಹೋಗುವ ಪೇಟೆಯ ಹೆಸರು ಪಿಂಪ್ರಿ ಕ್ಯಾಂಪ್. ಅದರಾಚೆ 1954ರಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಬಂತು, ಪೆನ್ಸಿಲಿನ್ ಮಾಡಲಿಕ್ಕೆ. ನಿರಾಶ್ರಿತರೂ ಔಷಧಿಯೂ ಈ ಊರಿಗೆ ಹೊಸದಲ್ಲ ಎಂದಾಯಿತು. ಆದರೆ ಸಿಂಧಿಗಳ ಹೆಸರು ಶಿಬಿರದ ಪಟ್ಟಿಯಲ್ಲಿತ್ತು. ತಮ್ಮದೇ ದೇಶದೊಳಗೆ ಊರು ಬಿಟ್ಟವರ ಹೆಸರು ಯಾವ ಪಟ್ಟಿಯಲ್ಲಿದೆ? ರೇಷನ್ ಕಾರ್ಡು ಊರಲ್ಲಿ, ತಾಯಿ ಕಾರ್ಡು ಊರಲ್ಲಿ, ಮಗು ಇಲ್ಲಿ.

ಮುದುಕಿಯ ಶೆಡ್ಡಿನಲ್ಲಿ ಒಂದೂವರೆ ವರ್ಷದ ಮೊಮ್ಮಗನಿದ್ದ. ಸೊಸೆ ಕೆಲಸಕ್ಕೆ ಹೋಗಿದ್ದಳು. ನಾನು ಕನ್ನಡದಲ್ಲಿ ಮಾತು ತೆಗೆದದ್ದೇ ಅಕ್ಕಪಕ್ಕದ ಹೆಂಗಸರು ಬಂದು ನಿಂತರು. ಗಾಣಗಾಪುರದ ಜಾತ್ರೆ, ಈ ಸಲದ ತೊಗರಿ, ನಮ್ಮೂರಿನ ನಿಂಬೆಹಣ್ಣು, ಎಲ್ಲ ಆಯಿತು. ಹನಿ ಹಾಕಿಸಿದರು. ಸಿಸ್ಟರ್ ಎಕ್ಸ್ ಅಳಿಸಿ ಪಿ ಬರೆಯುತ್ತ ಹೋದಂತೆ ನನಗೆ ಏನೋ ಸಾಧಿಸಿದೆನೆಂಬ ಬಿಂಕ ಬಂತು. ಮುಂದಿನ ವಾರ ಚುಚ್ಚುಮದ್ದಿಗೆ ಮತ್ತೆ ಹೋದೆವು. ಆ ಹುಡುಗನಿಗೆ ಡಿಪಿಟಿ ಬೂಸ್ಟರ್ ಬಾಕಿ ಇತ್ತು. ಮುದುಕಿ ಅವನನ್ನು ಬಗಲಿಗೆ ಒತ್ತಿ ಹಿಡಿದು ಕೇಳಿದಳು:

‘ಸೂಜಿ ಚುಚ್ಚಿದ ಮ್ಯಾಲ ಕೂಸಿಗಿ ಏನರೆ ಆದ್ರ?’

‘ಏನೂ ಆಗೂದಿಲ್ಲ ಯವ್ವಾ. ನಾ ಹೇಳ್ತೀನಲ್ಲ.’

ಸಿಸ್ಟರ್ ಸುಮ್ಮನಿರಲಿಲ್ಲ. ರಾತ್ರಿ ಜ್ವರ ಬರಬಹುದು, ಚುಚ್ಚಿದ ಕಾಲು ಬಾತು ಎರಡು ದಿನ ಮಗು ಅಳಬಹುದು, ಹೆದರಬಾರದು, ಈ ಗುಳಿಗೆಯ ಕಾಲು ಭಾಗ ಕೊಡಿ ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಅದನ್ನು ಕನ್ನಡಕ್ಕೆ ತಿರುಗಿಸುವ ಕೆಲಸ ನನ್ನದು. ಜ್ವರ ಎಂಬ ಶಬ್ದ ಕೇಳಿದರೆ ಕೈಗೆ ಬಂದ ಮಗು ತಪ್ಪಿಹೋದೀತೆಂದು ನಾನು ಗುಳಿಗೆಯನ್ನಷ್ಟೇ ಕೊಟ್ಟು, ‘ಅತ್ತರ ಇಷ್ಟು ಕೊಡ್ರಿ’ ಎಂದೆ. ಜ್ವರದ ಮಾತು ನುಂಗಿಬಿಟ್ಟೆ.

ಎರಡು ವಾರದ ಮೇಲೆ ಭಾನುವಾರದ ಬಜಾರಿನಲ್ಲಿ ಮುದುಕಿ ಎದುರಾದಳು. ಆ ರಾತ್ರಿ ಹುಡುಗನ ಮೈ ಕೆಂಡವಾಗಿತ್ತಂತೆ, ಕಾಲು ಊರಲಿಲ್ಲವಂತೆ. ಅದೇ ಕಾಲು ಹೋಯಿತೆಂದು ಸೊಸೆ ಎದೆ ಬಡಿದುಕೊಂಡಳಂತೆ. ಎರಡು ದಿನ ಅವಳು ಕೆಲಸಕ್ಕೆ ಹೋಗಲಿಲ್ಲ. ಎರಡು ಹಾಜರಿ ಹೋಯಿತು, ಮುಕಾದಮ ಬೈದ. ಹುಡುಗ ಮೂರನೆಯ ದಿನ ಓಡಾಡಿಕೊಂಡಿದ್ದ, ಅದು ಸರಿ. ‘ಏನೂ ಆಗೂದಿಲ್ಲಂದಿ’ ಎಂದಷ್ಟೇ ಹೇಳಿ ಮುದುಕಿ ಬದನೆಕಾಯಿ ಆರಿಸತೊಡಗಿದಳು. ನಾನು ಏನೂ ಹೇಳಲಾರದೆ ಚೀಲ ಹಿಡಿದು ನಿಂತೆ.

ಅದರ ಬಡ್ಡಿ ನಾನು ತೀರಿಸಿದ್ದು 2018ರಲ್ಲಿ. ಆ ವರ್ಷ ನವೆಂಬರ್ 27ರಿಂದ ಮಹಾರಾಷ್ಟ್ರದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ನಡೆಯಿತು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳಿಗೆ. ಶಾಲೆಗೆ ಹೋಗುವವರಿಗೆ ಶಾಲೆಯಲ್ಲಿ, ಹೋಗದವರಿಗೆ ಅವರಿದ್ದಲ್ಲಿ. ದಡಾರಕ್ಕೆ ಇಲ್ಲಿ ಗೋವರ ಎನ್ನುತ್ತಾರೆ. ಅಂಟುವುದರಲ್ಲಿ ಅದಕ್ಕೆ ಸಮನಾದ ರೋಗ ಕಡಿಮೆ. ಲಸಿಕೆಯಿಲ್ಲದವರ ನಡುವೆ ಒಂದು ಮಗುವಿನಿಂದ ಹನ್ನೆರಡು, ಹದಿನೆಂಟು ಜನರಿಗೆ ದಾಟಬಲ್ಲದು. ಹಾಗಾಗಿ ನೂರರಲ್ಲಿ ತೊಂಬತ್ತೈದು ಮಕ್ಕಳಿಗಾದರೂ ಎರಡೂ ಡೋಸು ಬೀಳದಿದ್ದರೆ ಅದು ನಿಲ್ಲುವುದಿಲ್ಲ. ಹತ್ತು ಅಡಿಯ ಶೆಡ್ಡಿನಲ್ಲಿ ಆರು ಜನ ಮಲಗುವ ಕಡೆ ಅದು ಹೇಗೆ ಹಬ್ಬೀತೆಂದು ಬೇರೆ ಹೇಳಬೇಕಿಲ್ಲ.

ತಾಥವಡೆಯ ಕಟ್ಟಡ ಮುಗಿದು ಮಂದಿ ಪುನಾವಳೆಯ ಇನ್ನೊಂದು ಕ್ಯಾಂಪಿಗೆ ಸರಿದಿದ್ದರು. ಸಿಸ್ಟರ್ ಜೊತೆ ಅಲ್ಲಿಗೆ ಹೋದಾಗ ಮೊದಲು ಕಂಡವಳು ಅದೇ ಮುದುಕಿ. ಈ ಸಲ ಯಾರೂ ಸುತ್ತ ನೆರೆಯಲಿಲ್ಲ. ಸೂಜಿ ಹಾಕಿಸಿಕೊಂಡರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಮಾತು ಮೊಬೈಲಿನಲ್ಲಿ ಬಂದಿತ್ತು. ಅದಕ್ಕೆ ನನ್ನ ಬಳಿ ಉತ್ತರವಿತ್ತು. ಮುದುಕಿಯ ಪಕ್ಕದ ಶೆಡ್ಡಿನವಳು ಹೇಳಿದ್ದಕ್ಕೆ ಇರಲಿಲ್ಲ. ಅವಳಿಗೊಂದು ಹತ್ತು ತಿಂಗಳ ಹೆಣ್ಣುಕೂಸು. ಸಿಸ್ಟರ್ ಕಡೆ ಬೆರಳು ಮಾಡಿ, ‘ಆ ಬಾಯಾರ ಮಾತು ನನಗ ತಿಳಿಯಂಗಿಲ್ಲ, ಅವ್ರ ಮ್ಯಾಲ ಸಿಟ್ಟಿಲ್ಲ. ನೀವು ನಮ್ಮ ಮಾತಿನಾಗ ಸುಳ್ಳ ಹೇಳ್ತೀರಿ ಅಕ್ಕಾರ’ ಎಂದು ಬಾಗಿಲು ಮುಂದಕ್ಕೆ ಮಾಡಿಕೊಂಡಳು. ಸಿಸ್ಟರ್ ‘ಏನೆಂದಳು?’ ಎಂದು ಕೇಳಿದರು. ‘ಬ್ಯಾಡಂತ’ ಎಂದೆ. ಅದನ್ನೂ ಪೂರ್ತಿ ತಿರುಗಿಸಲಿಲ್ಲ.

ಎರಡು ತಿಂಗಳಿಗೆ ಆ ಕ್ಯಾಂಪಿನಲ್ಲಿ ದಡಾರ ಕಾಣಿಸಿತು. ಸುದ್ದಿ ತಿಳಿದು ಹೋಗುವಷ್ಟರಲ್ಲಿ ಪಕ್ಕದ ಶೆಡ್ಡಿನ ಬಾಗಿಲಿಗೆ ಬೇವಿನ ಟೊಂಗೆ ಸಿಕ್ಕಿಸಿದ್ದರು. ‘ಅವ್ವ ಬಂದಾಳ’ ಎಂದಳು ಆ ತಾಯಿ, ಈ ಸಲ ಸಿಟ್ಟಿಲ್ಲದೆ. ಕೂಸಿನ ಮೈತುಂಬ ಕೆಂಪು ಗಂದೆ, ಪಕ್ಕೆಲುಬು ಒಳಕ್ಕೆ ಸೆಳೆಯುವಂಥ ಉಸಿರು. ದಡಾರದಲ್ಲಿ ಮಕ್ಕಳನ್ನು ಕೊಲ್ಲುವುದು ಗಂದೆಯಲ್ಲ, ಅದರ ಬೆನ್ನಿಗೆ ಬರುವ ನ್ಯುಮೋನಿಯಾ. ಸಿಸ್ಟರ್ ರಿಕ್ಷಾ ತರಿಸಿ ದವಾಖಾನೆಗೆ ಕಳಿಸಿದರು. ನಾಲ್ಕು ದಿನದ ಮೇಲೆ ನಾನು ನೋಡಲು ಹೋದರೆ ಶೆಡ್ಡು ಖಾಲಿ. ಕೂಸು ತುಸು ಚೇತರಿಸಿಕೊಂಡಿತೆಂದು ಡಾಕ್ಟರು ಬಿಡುವ ಮೊದಲೇ ಎತ್ತಿಕೊಂಡು ಊರಿನ ರೈಲು ಹತ್ತಿದ್ದರು. ಊರು ಯಾವುದೆಂದು ಕೇಳಿದರೆ ಯಾರೂ ಸರಿಯಾಗಿ ಹೇಳಲಿಲ್ಲ. ಆ ಕೂಸು ಉಳಿಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಉಳಿದಿದ್ದರೆ ಈಗ ಶಾಲೆಗೆ ಹೋಗುತ್ತಿರಬೇಕು.

ಆ ದಿನಗಳಲ್ಲಿ ಚಿಂಚವಾಡದ ಚಾಪೇಕರ್ ಚೌಕಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗೆಲ್ಲ ಅಲ್ಲಿನ ಪ್ರತಿಮೆಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಚಾಪೇಕರ್ ಸಹೋದರರು ಈ ಚಿಂಚವಾಡದವರೇ. 1897ರಲ್ಲಿ ಪುಣೆಯ ಪ್ಲೇಗು ಹತ್ತಿಕ್ಕಲು ಬಂದ ಅಧಿಕಾರಿ ರ‍್ಯಾಂಡ್. ಅವನ ಕೈಕೆಳಗೆ ಸೈನಿಕರು ಮನೆ, ದೇವರ ಕೋಣೆ ಎನ್ನದೆ ನುಗ್ಗಿ, ಗಂಡಸರು ಹೆಂಗಸರೆನ್ನದೆ ಮೈ ತಪಾಸಣೆ ಮಾಡಿ, ಸಂಶಯ ಬಂದವರನ್ನು ಎಳೆದೊಯ್ದು, ಸಾಮಾನು ಸುಟ್ಟರು. ಆ ಜೂನ್ 22ರ ರಾತ್ರಿ ಗಣೇಶಖಿಂಡದ ರಸ್ತೆಯಲ್ಲಿ ರ‍್ಯಾಂಡನಿಗೆ ಗುಂಡು ಬಿತ್ತು. ಮೂವರು ಅಣ್ಣತಮ್ಮಂದಿರೂ ಗಲ್ಲಿಗೇರಿದರು. ನಾವು ಅದನ್ನು ಸ್ವಾತಂತ್ರ್ಯದ ಪಾಠವಾಗಿ ಓದಿದೆವು, ಅದು ಹೌದು. ಆದರೆ ಪ್ಲೇಗು ಸುಳ್ಳಾಗಿರಲಿಲ್ಲ. ಜನ ತಿರುಗಿಬಿದ್ದದ್ದು ಸರ್ಕಾರ ಬಾಗಿಲು ಬಡಿದ ರೀತಿಗೆ.

ಅದೇ ವರ್ಷ ಜನವರಿಯಲ್ಲಿ ಮುಂಬಯಿಯಲ್ಲಿ ಹಾಫ್‌ಕಿನ್ ತಾನು ತಯಾರಿಸಿದ ಪ್ಲೇಗಿನ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದ. ಒಡೆಸ್ಸಾದ ಯಹೂದಿ. ರಷ್ಯಾ ಬಿಟ್ಟು ಊರೂರು ತಿರುಗಿ ಇಲ್ಲಿಗೆ ಬಂದವನು, ಅವನೂ ಒಬ್ಬ ಪರದೇಶಿ. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಆ ಲಸಿಕೆ ಹಾಕಿಸಿಕೊಂಡರು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದು ಬಾಟಲಿ ಕೆಟ್ಟು, ಧನುರ್ವಾಯು ಏರಿ 19 ಜನ ಸತ್ತರು. ತಪ್ಪು ಅವನದಲ್ಲ ಎಂದು ತೀರ್ಮಾನವಾಗಲು 1907 ಬಂತು. ಅವನ ಹೆಸರಿನ ಸರ್ಕಾರಿ ಔಷಧ ಸಂಸ್ಥೆಯ ಒಂದು ಘಟಕ ನಮ್ಮ ಪಿಂಪ್ರಿಯಲ್ಲೇ ಇದೆ. ಲಸಿಕೆಯ ಚರಿತ್ರೆಯಲ್ಲಿ ಜೀವ ಉಳಿಸಿದ ಲೆಕ್ಕದ ಪಕ್ಕದಲ್ಲೇ ನಂಬಿಕೆ ಕೆಡಿಸಿದ ಲೆಕ್ಕವೂ ಇದೆ. 2011ರಲ್ಲಿ ಪಾಕಿಸ್ತಾನದ ಅಬ್ಬೊಟ್ಟಾಬಾದಿನಲ್ಲಿ ಬಿನ್ ಲಾಡೆನ್ನನ ಸುಳಿವಿಗಾಗಿ ಅಮೆರಿಕದ ಗೂಢಚಾರರು ಹೆಪಟೈಟಿಸ್ ಲಸಿಕೆಯ ಸೋಗು ಹಾಕಿಸಿದರು. ಅದರ ಫಲವನ್ನು ಅಲ್ಲಿಯ ಪೋಲಿಯೊ ಕಾರ್ಯಕರ್ತೆಯರು ಉಣ್ಣಬೇಕಾಯಿತು. ದೇಶ ಬಿಟ್ಟು ಬಂದು ಕಾಗದಪತ್ರ ಇಲ್ಲದೆ ಬದುಕುವವರು ಲಸಿಕೆಗೆ ಹೆಸರು ಬರೆಸಿದರೆ ಅದು ಪೊಲೀಸರ ಕೈಗೆ ಹೋದೀತೆಂದು ಹೆದರುತ್ತಾರೆ. ಹೆಸರು ಕೇಳಿ ಬಂದವರು ಹಿಂದೆ ಏನು ಮಾಡಿದ್ದರು ಎಂಬುದು ಅವರಿಗೆ ನೆನಪಿರುತ್ತದೆ. ಹಾಗೆ ನೋಡಿದರೆ ನಾನು ಮಾಡಿದ್ದು ಸಣ್ಣದು. ಸಣ್ಣದಾದರೂ ಅದು ನೆನಪಿರುವಂಥದೇ.

2020ರ ಮಾರ್ಚಿನಲ್ಲಿ ದೇಶ ಮುಚ್ಚಿದಾಗ ಕ್ಯಾಂಪಿನ ಮಂದಿ ಗಂಟು ಹೊತ್ತು ಸೊಲ್ಲಾಪುರದ ರಸ್ತೆ ಹಿಡಿದದ್ದನ್ನು ನಾವು ಬಾಲ್ಕನಿಯಿಂದ ನೋಡಿದೆವು. 2021ರ ಆಗಸ್ಟಿನ ಹೊತ್ತಿಗೆ ಬಹಳ ಜನ ಹಿಂತಿರುಗಿದ್ದರು. ಕೋವಿಶೀಲ್ಡ್ ತಯಾರಾಗುತ್ತಿದ್ದುದು ಇಲ್ಲಿಂದ ಒಂದೂವರೆ ತಾಸಿನ ಹಾದಿಯ ಹಡಪಸರದ ಸೀರಂ ಇನ್ಸ್ಟಿಟ್ಯೂಟಿನಲ್ಲಿ. ನಮ್ಮ ಸೊಸೈಟಿಯಲ್ಲಿ ಆ ಬೇಸಿಗೆಯಲ್ಲಿ ಬೆಳಗಿನ ಜಾವ ಎದ್ದು ಕೋವಿನ್‌ನಲ್ಲಿ ಸ್ಲಾಟಿಗೆ ಬಡಿದಾಡಿದ್ದೇವೆ. ಕ್ಯಾಂಪಿನಲ್ಲಿ ಮನೆ ಬಾಗಿಲಿಗೆ ತಂದರೂ ಬೇಡ. ಸಿಸ್ಟರ್ ಮತ್ತೆ ಫೋನು ಮಾಡಿದರು. ‘ನನ್ನ ಮಾತು ಅಲ್ಲಿ ನಡೆಯುವುದಿಲ್ಲ’ ಎಂದೆ. ‘ನನ್ನದೂ ನಡೆಯುವುದಿಲ್ಲ, ಬನ್ನಿ’ ಎಂದರು.

ಮುದುಕಿ ಇನ್ನಷ್ಟು ಬಾಗಿದ್ದಳು. ಆ ಹುಡುಗ ಅವಳ ಪಕ್ಕದಲ್ಲಿ ಗಟ್ಟಿಮುಟ್ಟಾಗಿ ನಿಂತಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು:

‘ಹ್ವಾದ ವರ್ಷ ನಡಕೋಂತ ಹೋಗುಮುಂದ ಒಂದ್ ತಂಬಿಗಿ ನೀರ ಕೊಡಾಕ ಯಾರೂ ಬರ್ಲಿಲ್ಲ. ಈಗ ಸೂಜಿ ಹಿಡಕೊಂಡ ಬಂದೀರಿ. ಅವತ್ತೂ ಕೇಳಿದ್ನಿ, ಇವತ್ತೂ ಕೇಳ್ತೀನಿ. ನೀ ಯಾರ ಕಡಿಯಾಕಿ?’

ಆಗ ಕೇಳಿಸಿತು ನನಗೆ, ಯಾವ ಅಲ್ಲ, ಯಾರ. ಮುಕಾದಮನ ಕಡೆಯವಳೋ, ಸರ್ಕಾರದ ಕಡೆಯವಳೋ, ಶೆಡ್ಡು ಕೀಳಿಸಲು ತಲೆ ಎಣಿಸಿ ಹೋಗುವವರ ಕಡೆಯವಳೋ? ಊರಿನ ಹೆಸರು ಹೇಳಿ ನಾನು ತಪ್ಪಿಸಿಕೊಂಡಿದ್ದ ಪ್ರಶ್ನೆ ಅದು. ನಿಮ್ಮ ಕಡೆಯವಳು ಎನ್ನಲು ನಾಲಿಗೆ ಏಳಲಿಲ್ಲ. ಬಾಲ್ಕನಿಯಲ್ಲಿ ನಿಂತು ನೋಡಿದವಳು ನಾನು.

‘ಅವತ್ತು ಸಿಸ್ಟರ್ ಜ್ವರ ಬರ್ತಾವ, ಕಾಲ ಬಾಯ್ತದ ಅಂತ ಹೇಳಿದ್ರು ಯವ್ವಾ. ನಾ ನಿಮಗ ಹೇಳ್ಲಿಲ್ಲ. ಹೇಳಿದ್ರ ನೀವು ಒಲ್ಲೆ ಅಂತೀರಿ ಅಂತ ಅಂಜಿದೆ. ತಪ್ಪು ನಂದು.’

ಮುದುಕಿ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ, ‘ಹುಚ್ಚಿ’ ಎಂದಳು. ‘ಹೇಳಿದ್ರ ಶನಿವಾರ ಹಾಕಸ್ತಿದ್ವಿ. ಐತವಾರ ಸೂಟಿ ಇರ್ತದ.’

ಇಷ್ಟೇ. ಐದು ವರ್ಷ ನಾನು ಅಜ್ಞಾನ ಎಂದೂ ಮೂಢನಂಬಿಕೆ ಎಂದೂ ಹೆಸರಿಟ್ಟು ಯೋಚಿಸಿದ್ದಕ್ಕೆ ಅವಳ ಬಳಿ ಇದ್ದದ್ದು ವಾರದ ಲೆಕ್ಕ. ಜ್ವರ ಬರುವುದನ್ನು ಅವಳು ಒಪ್ಪಿಕೊಳ್ಳಬಲ್ಲಳು. ಮುಂಚೆ ಗೊತ್ತಿದ್ದರೆ ಅದಕ್ಕೊಂದು ದಿನ ಹೊಂದಿಸಬಲ್ಲಳು. ಹೇಳದೆ ಬಂದ ಜ್ವರವನ್ನು ಮಾತ್ರ ಅವಳು ಮೋಸ ಎಂದಳು, ಅದು ಮೋಸವೇ.

ಸಿಸ್ಟರಿಗೆ ಈ ಸಲ ಪೂರ್ತಿ ತಿರುಗಿಸಿ ಹೇಳಿದೆ, ನನ್ನ ಹಳೆಯ ತಪ್ಪನ್ನೂ ಸೇರಿಸಿ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ ಶನಿವಾರ ಸಂಜೆ ಆರಕ್ಕೆ, ಕೆಲಸ ಬಿಟ್ಟ ಮೇಲೆ, ಲಸಿಕೆ ಎಂದು ನಿಶ್ಚಯಿಸಿದರು. ನಾನು ಪ್ರತಿ ಶೆಡ್ಡಿನ ಮುಂದೆ ಒಂದೇ ಮಾತು ಹೇಳುತ್ತ ಹೋದೆ: ಇವತ್ತು ರಾತ್ರಿ ಜ್ವರ ಬರಬಹುದು, ಮೈ ಕೈ ನೋಯಬಹುದು, ನಾಳೆ ಸಂಜೆಗೆ ಇಳಿಯುತ್ತದೆ, ಇಳಿಯದಿದ್ದರೆ ಈ ನಂಬರಿಗೆ ಫೋನು ಮಾಡಿ. ಕೆಲವರು ಆಗಲೂ ಒಲ್ಲೆ ಎಂದರು, ಬಿಟ್ಟೆ. ಮುದುಕಿ ಮೊದಲು ತೋಳು ಚಾಚಿದಳು, ಶರಣಬಸಪ್ಪನ ಹೆಸರು ಹೇಳಿ ಕಣ್ಣು ಮುಚ್ಚಿಕೊಂಡು. ಭಾನುವಾರ ಬೆಳಿಗ್ಗೆ ಪ್ಯಾರಾಸಿಟಮಾಲ್ ಗುಳಿಗೆಯ ಚೀಟಿಗಳನ್ನು ಹಿಡಿದು ನಾನು ಮತ್ತೆ ಹೋದೆ. ‘ಜ್ವರ ಬಂದಾವ ನೋಡ’ ಎಂದು ಅವಳು ಹಣೆ ಮುಟ್ಟಿಸಿದ್ದು, ನಾನು ಕೊಟ್ಟ ಮಾತು ನಿಜವಾಯಿತೆಂದು ಮೆಚ್ಚಿ ಹೇಳಿದಂತಿತ್ತು. ಒಲ್ಲೆ ಎಂದವರಲ್ಲಿ ಇಬ್ಬರು ಮುಂದಿನ ಶನಿವಾರ ಬಂದರು.

ಹೆಸರು ನೋಂದಿಸಲು ಮೊಬೈಲ್ ನಂಬರು ಬೇಕಿತ್ತು. ಆಗ ಒಂದು ನಂಬರಿನ ಮೇಲೆ ನಾಲ್ಕು ಜನರನ್ನು ಸೇರಿಸಬಹುದಾಗಿತ್ತು. ನನ್ನ ಹೆಸರು ಮನೆಯವರ ಫೋನಿನಲ್ಲಿದ್ದುದರಿಂದ ನನ್ನ ನಂಬರಿನ ನಾಲ್ಕೂ ಜಾಗ ಖಾಲಿ ಇದ್ದವು. ಫೋನಿಲ್ಲದ ನಾಲ್ವರ ಹೆಸರು ಅದಕ್ಕೆ ಸೇರಿದವು: ಮುದುಕಿ, ಅವಳ ಸೊಸೆ, ಒಬ್ಬ ಗೌಂಡಿಯ ಹೆಂಡತಿ, ಆಗಷ್ಟೇ ಹದಿನೆಂಟು ತುಂಬಿದ ಒಬ್ಬ ಸೆಂಟ್ರಿಂಗ್ ಹುಡುಗ. ಎರಡನೆಯ ಡೋಸಿಗೆ 84 ದಿನ. ಅಷ್ಟರಲ್ಲಿ ಕಟ್ಟಡ ಮುಗಿದು ಕ್ಯಾಂಪು ಚದುರಿತು. ಹೋಗುವಾಗ ಎಲ್ಲರಿಗೂ ನನ್ನ ನಂಬರನ್ನು ಕಾಗದದಲ್ಲಿ ಬರೆದುಕೊಟ್ಟೆ. ಎಲ್ಲಿದ್ದರೂ ಈ ನಂಬರು ತೋರಿಸಿ ಎರಡನೆಯದನ್ನು ಹಾಕಿಸಿಕೊಳ್ಳಿ ಎಂದೆ.

ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಫೋನಿಗೆ ಸಂದೇಶ ಬಂತು, ಮುದುಕಿಯ ಹೆಸರು, ಎರಡನೆಯ ಡೋಸು ಮುಗಿಯಿತೆಂದು. ಪ್ರಮಾಣಪತ್ರ ತೆಗೆದು ನೋಡಿದರೆ ಹಾಕಿಸಿಕೊಂಡ ಜಾಗ ಅಫಜಲಪುರ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಅದೇ ದಿನ ಅರ್ಧ ತಾಸಿಗೆ ಸೊಸೆಯದು. ಅತ್ತೆ ಸೊಸೆ ಒಟ್ಟಿಗೇ ಸಾಲಿನಲ್ಲಿ ನಿಂತಿದ್ದಿರಬೇಕು. ಅಂದು ಯಾವ ವಾರವೆಂದು ಕ್ಯಾಲೆಂಡರು ನೋಡಿದೆ. ಶನಿವಾರ. ಜನವರಿಯಲ್ಲಿ ಗೌಂಡಿಯ ಹೆಂಡತಿಯದು ಬಂತು, ಬೆಂಗಳೂರಿನಿಂದ. ಸೆಂಟ್ರಿಂಗ್ ಹುಡುಗನದು ಬರಲಿಲ್ಲ. ಬೇರೆ ನಂಬರು ಕೊಟ್ಟಿದ್ದಾನು, ಕಾಗದ ಕಳೆದಿದ್ದಾನು, ಅಥವಾ ಒಲ್ಲೆ ಎಂದಿದ್ದಾನು.

ಆಮೇಲೆ ಎರಡು ಫೋನು ಬದಲಿಸಿದ್ದೇನೆ. ನಂಬರು ಮಾತ್ರ ಅದೇ ಇಟ್ಟುಕೊಂಡಿದ್ದೇನೆ.